ಹೆಬ್ಬೆಟ್ಟಿನಿಂದ ಹೆಬ್ಬೆಟ್ಟಿಗೆ: ಮೊಬೈಲ್ ಸಂದೇಶ ಮತ್ತು ನಮ್ಮ ಮಕ್ಕಳ ಬರವಣಿಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು ಈ ಶಾಲೆಯ 1986ನೇ ಸಾಲಿನ ವಿದ್ಯಾರ್ಥಿ. ಈಗ ಬೇರೊಂದು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕರು.)





ಸಮಿತಿಯವರು ನನಗೆ ಕೊಟ್ಟಿರುವ ವಿಷಯ 'ಮೊಬೈಲ್ ಮೆಸೇಜಿನಿಂದ ಹಾಳಾಗುತ್ತಿರುವ ಮಕ್ಕಳ ಭಾಷೆ'. ಆಹ್ವಾನ ಪತ್ರಿಕೆಯಲ್ಲಿ ಹಾಗೇ ಅಚ್ಚಾಗಿದೆ. ಅಂದರೆ ತೀರ್ಪು ಮೊದಲೇ ಬರೆದಾಗಿದೆ, ಸಾಕ್ಷಿ ಹೇಳುವುದಷ್ಟೇ ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವ ನನ್ನಂಥವನು ಮಕ್ಕಳ ಪರವಾಗಿ ಒಂದು ಮಾತೂ ಆಡುವುದಿಲ್ಲ ಎಂಬ ಧೈರ್ಯ ಅವರಿಗಿದ್ದಿರಬೇಕು. ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಅದು ಯಾರ ಪರವಾಗಿ ಬೀಳುತ್ತದೋ ನೀವೇ ನೋಡಿ.

1983ರಲ್ಲಿ ನಾನು ಎಂಟನೇ ತರಗತಿಗೆ ಇಲ್ಲಿಗೆ ಸೇರಲು ಬಂದಾಗ ಅಪ್ಪ ಜೊತೆಗಿದ್ದ. ಹೆಡ್ ಮಾಸ್ಟರ ಕೋಣೆಯಲ್ಲಿ ದಾಖಲಾತಿ ಪುಸ್ತಕ ತೆರೆದು, ಪೋಷಕರ ಸಹಿ ಎಂದಿರುವ ಜಾಗ ತೋರಿಸಿದರು. ಅಪ್ಪ ಸುಮ್ಮನೆ ಎಡಗೈ ಮುಂದೆ ಚಾಚಿದ. ಗುಮಾಸ್ತರು ಶಾಯಿಯ ಪ್ಯಾಡು ತಂದಿಟ್ಟರು. ಹೆಬ್ಬೆಟ್ಟು ಒತ್ತಿ, ಬೆರಳಿಗೆ ಅಂಟಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಅಪ್ಪ ಹೊರಗೆ ಬಂದ. ಆ ಪುಸ್ತಕ ಈಗಲೂ ಇದೆ. ಸುವರ್ಣ ಮಹೋತ್ಸವಕ್ಕೆಂದು ಹಳೆಯ ದಾಖಲೆಗಳನ್ನು ಹೊರತೆಗೆದಾಗ ನಿನ್ನೆ ನೋಡಿದೆ. ನಮ್ಮ ತಂಡದ ಪುಟಗಳಲ್ಲಿ ಸಹಿಗಿಂತ ಹೆಬ್ಬೆಟ್ಟೇ ಜಾಸ್ತಿ. ಅಂದು ಮನೆಗೆ ಹೋಗುವಾಗ ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ನೀನಾದ್ರೂ ಹೆಬ್ಬೆಟ್ಟು ಆಗಬ್ಯಾಡ ಕಣಪ್ಪ." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಒಂಬತ್ತನೇ ತರಗತಿಯ ಹೊತ್ತಿಗೆ ನಮ್ಮ ಬೀದಿಗೆಲ್ಲ ನಾನೇ ಕಾಗದ ಬರೆಯುವವನಾಗಿದ್ದೆ. ಕೊನೆಯ ಮನೆಯ ಅಜ್ಜಿಯೊಬ್ಬರ ಮಗ ದಾವಣಗೆರೆಯ ಹತ್ತಿಗಿರಣಿಯಲ್ಲಿ ಕೆಲಸಕ್ಕಿದ್ದ. ತಿಂಗಳಿಗೊಮ್ಮೆ ಅಜ್ಜಿ ಒಂದು ಕಾರ್ಡು ಹಿಡಿದು, ಸೆರಗಿನಲ್ಲಿ ನನಗೆ ಒಂದಿಷ್ಟು ಹುರಿಗಡಲೆ ಕಟ್ಟಿಕೊಂಡು ಬರುತ್ತಿದ್ದರು. ಅವರು ಹೇಳುತ್ತಿದ್ದದ್ದು ಹೀಗೆ: "ಬರಿಯಪ್ಪ, ನಾನು ಸತ್ತೆನೋ ಬದುಕಿದೆನೋ ಅಂತ ಕೇಳೋ ಬುದ್ಧಿ ಇಲ್ಲ ನಿಂಗೆ, ಕಣ್ಣು ಕಾಣಾಕಿಲ್ಲ, ದೊಡ್ಡೋಳು ಗಂಡನ ಮನೆಯಿಂದ ಬಂದು ಕೂತವ್ಳೆ ಅಂತ ಬರಿ." ನಾನು ಬರೆಯುತ್ತಿದ್ದದ್ದು ಹೀಗೆ: "ಚಿರಂಜೀವಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಆಗಾಗ ಕಾಗದ ಬರೆಯುತ್ತಿರಬೇಕು." ಕಾರ್ಡಿನಲ್ಲಿ ಅರ್ಧ ಜಾಗ ಈ ಕ್ಷೇಮಕ್ಕೇ ಹೋಗುತ್ತಿತ್ತು. ಉಳಿದರೆ ಕಣ್ಣಿನ ವಿಷಯ. ಮಗಳ ವಿಷಯ ಬರೆಯಲು ನನಗೇ ನಾಚಿಕೆ. ಅದನ್ನು ಬಿಟ್ಟು, ಬರೆದಿದ್ದೇನೆ ಎಂದು ಓದಿ ಹೇಳಿಬಿಡುತ್ತಿದ್ದೆ. ಕಾಗುಣಿತದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಮೇಷ್ಟ್ರು ನೋಡಿದ್ದರೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದರು. ಮಗ ಆರು ತಿಂಗಳಾದರೂ ಊರ ಕಡೆ ಬರಲಿಲ್ಲ. ಯಾಕೆ ಬರುತ್ತಾನೆ, ಎಲ್ಲರೂ ಕ್ಷೇಮ ಎಂದು ನಾನೇ ಬರೆದಿದ್ದೆನಲ್ಲ!

ಹಿಂದಿನ ಕಾಲದ ಕಾಗದ ಎಂದರೆ ಈಗ ನಮಗೆಲ್ಲ ಕಣ್ಣು ತುಂಬಿ ಬರುತ್ತದೆ. ಆ ಕಾಗದಗಳಲ್ಲಿ ಏನೇನು ಬಿಟ್ಟುಹೋಗುತ್ತಿತ್ತು ಎಂಬುದು ಬರೆದ ನನ್ನಂಥ ಹುಡುಗರಿಗೆ ಗೊತ್ತು. ಇವತ್ತು ಅಂಥ ಅಜ್ಜಿ ಮೊಮ್ಮಗನ ಫೋನು ಇಸಕೊಂಡು ವಾಟ್ಸಾಪಿನಲ್ಲಿ ಬಾಯಿಮಾತನ್ನೇ ಕಳಿಸುತ್ತಾರೆ. ಬೈಗುಳ ಬೈಗುಳದ ಹಾಗೇ ಮಗನಿಗೆ ತಲುಪುತ್ತದೆ. ನಡುವೆ ಕ್ಷೇಮ ತುಂಬುವ ಒಂಬತ್ತನೇ ಕ್ಲಾಸಿನ ಹುಡುಗನ ಅಗತ್ಯವಿಲ್ಲ. ಇದು ಸಣ್ಣ ಲಾಭವಲ್ಲ.

ಚುಟುಕಾಗಿ ಬರೆಯುವುದೂ ಹೊಸದೇನಲ್ಲ. ನಿಮ್ಮ ಮನೆಯ ಹಳೆಯ ಲಗ್ನಪತ್ರಿಕೆ ತೆಗೆದು ನೋಡಿ. ಚಿ॥ ರಾ॥, ಚಿ॥ ಸೌ॥, ಮ॥ರಾ॥ಶ್ರೀ, ವಿಳಾಸದಲ್ಲಿ ತಾ॥, ಜಿ॥. ಇವು ಮೆಸೇಜಿನ ಭಾಷೆಯಲ್ಲದೆ ಮತ್ತೇನು? ಟೆಲಿಗ್ರಾಮಿಗೆ ಪದಕ್ಕಿಷ್ಟು ಎಂದು ದುಡ್ಡು ಕಟ್ಟಬೇಕಿತ್ತು, ಹಾಗಾಗಿ ಸಾವನ್ನೂ ಎರಡು ಮೂರು ಪದಗಳಲ್ಲಿ ಮುಗಿಸುತ್ತಿದ್ದೆವು. ಆ ಟೆಲಿಗ್ರಾಮು 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ನಿಂತೇಹೋಯಿತು. ಟೆಲಿಗ್ರಾಮಿನಿಂದ ಯಾರ ಭಾಷೆಯೂ ಕೆಟ್ಟಿತೆಂದು ನಾನು ಕೇಳಿಲ್ಲ.

ಈಗ ಮೊಬೈಲಿನ ಮಾತಿಗೆ ಬರೋಣ. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಗಣಿತದ ಮೇಷ್ಟ್ರು ಕ್ಷಮಿಸಬೇಕು. ಲೋಕದ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ಇಂಜಿನಿಯರು ಕಳಿಸಿದ ಕ್ರಿಸ್‌ಮಸ್ ಶುಭಾಶಯ ಅದು. ಒಂದು ಸಂದೇಶದಲ್ಲಿ 160 ಅಕ್ಷರ ಎಂಬ ಮಿತಿ ಅದಕ್ಕೂ ಮೊದಲೇ ನಿಗದಿಯಾಗಿತ್ತು. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬಾತ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ವಾಕ್ಯಗಳನ್ನೆಲ್ಲ ಹೊಡೆದು, ಅಕ್ಷರ ಎಣಿಸಿ, 160 ಇದ್ದರೆ ಬೇಕಾದಷ್ಟಾಯಿತು ಎಂದು ಲೆಕ್ಕ ಹಾಕಿದ. ಜನ ಪೋಸ್ಟ್ ಕಾರ್ಡಿನಲ್ಲಿ ಎಷ್ಟು ಬರೆಯುತ್ತಾರೆ ಎಂಬುದನ್ನೂ ನೋಡಿದನಂತೆ. ಅವರ ಭಾಷೆಗೆ, ಅವರ ಲಿಪಿಗೆ ಸರಿಯಾದ ಲೆಕ್ಕವೇ. ಆದರೆ ಅದೇ ಸಂದೇಶವನ್ನು ಕನ್ನಡ ಲಿಪಿಯಲ್ಲಿ ಕಳಿಸಿದರೆ ಸಿಗುತ್ತಿದ್ದದ್ದು 70 ಜಾಗ ಮಾತ್ರ. ಅದರಲ್ಲೂ ನಾವು ಒಂದು ಅಕ್ಷರ ಎನ್ನುವುದನ್ನು ಯಂತ್ರ ಒಂದು ಎಂದು ಎಣಿಸುವುದಿಲ್ಲ. 'ಸ್ತ್ರೀ' ಎಂದು ಬರೆಯಿರಿ. ನಮಗದು ಒಂದಕ್ಷರ. ಯಂತ್ರಕ್ಕೆ ಸ, ಒಂದು ಹಲಂತ, ತ, ಇನ್ನೊಂದು ಹಲಂತ, ರ, ಮೇಲೆ ಈಕಾರದ ಚಿಹ್ನೆ, ಹೀಗೆ ಆರು ಜಾಗ. ಎರಡು ಸಾಲು ಬರೆಯುವಷ್ಟರಲ್ಲಿ ಎರಡು ಮೆಸೇಜಿನ ದುಡ್ಡು.

ಅದೂ ಆಗ ಕನ್ನಡ ಕಾಣುವ ಫೋನು ಯಾರ ಬಳಿ ಇತ್ತು? ಹೆಚ್ಚಿನವುಗಳಲ್ಲಿ ಕನ್ನಡ ಕಳಿಸಿದರೆ ಆ ಕಡೆಯವರಿಗೆ ಸಾಲಾಗಿ ಚೌಕದ ಡಬ್ಬಿಗಳು ಹೋಗುತ್ತಿದ್ದವು. ಕಂಪ್ಯೂಟರಿನಲ್ಲಿ ಆ ಹೊತ್ತಿಗಾಗಲೇ ಬರಹ, ನುಡಿ ಬಂದಿದ್ದವು; ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇತ್ತು. ಕೈಯಲ್ಲಿ ಹಿಡಿಯುವ ಫೋನಿಗೆ ಮಾತ್ರ ಕನ್ನಡ ತಡವಾಗಿ ಬಂತು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಅಕ್ಷರ ಸರಿಯಾಗಿ ಸೇರಿದ್ದು 2012ರ ಆವೃತ್ತಿಯಲ್ಲಿ. ಅಷ್ಟರಲ್ಲಿ ಹತ್ತು ವರ್ಷ ಕಳೆದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ನಮ್ಮ ಕೈಗೆ ಕೂತುಬಿಟ್ಟಿತ್ತು. ನೋಡಿ, ಆ ಹತ್ತು ವರ್ಷ ಮೆಸೇಜು ಮಾಡಿದವರು ಇವತ್ತಿನ ಮಕ್ಕಳಲ್ಲ, ನಾವು. ಹಬ್ಬದ ದಿನ ಮೆಸೇಜ್ ಪ್ಯಾಕು ನಡೆಯುವುದಿಲ್ಲವೆಂದು ಯುಗಾದಿಯ ಶುಭಾಶಯವನ್ನು ಅಮಾವಾಸ್ಯೆಯ ದಿನವೇ ಕಳಿಸಿ ಮುಗಿಸುತ್ತಿದ್ದ ಜನ ನಾವು. ಮಕ್ಕಳು ನಮ್ಮಿಂದ ಕಲಿತರು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಏನು ಕಳೆದುಹೋಗುತ್ತದೆ? ಹ್ರಸ್ವ ದೀರ್ಘ ಹೋಗುತ್ತದೆ, ಲ ಳ ಒಂದಾಗುತ್ತವೆ, ನ ಣ ಒಂದಾಗುತ್ತವೆ. ನಮ್ಮ ಮನೆಯಲ್ಲೇ ನಡೆದದ್ದು ಕೇಳಿ. ಗೌರಿ ಹಬ್ಬದ ಹಿಂದಿನ ದಿನ ನಾನು ಸಂತೆಯಲ್ಲಿದ್ದೆ. ನನ್ನ ಮಗಳ ಮೆಸೇಜು ಬಂತು. ಬಿ, ಎ, ಎಲ್, ಇ ಎಂಬ ನಾಲ್ಕಕ್ಷರ, ಮುಂದೆ 12, ಆಮೇಲೆ 'ಅಮ್ಮ ಹೇಳಿದ್ರು'. ಹಬ್ಬದ ಊಟಕ್ಕೆ ಎಲೆ ಬೇಕಾಗಿದೆ ಎಂದು ನಾನು ಒಳ್ಳೆಯ ಹನ್ನೆರಡು ಬಾಳೆ ಎಲೆ ಆರಿಸಿ, ಸುತ್ತಿಸಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಮನೆಯಲ್ಲಿ ಕಾಯುತ್ತಿದ್ದದ್ದು ಬಾಗಿನಕ್ಕೆ ಬೇಕಾದ ಒಂದು ಡಜನ್ ಹಸಿರು ಬಳೆ. ಹಿತ್ತಲಲ್ಲಿ ಬಾಳೆ ಗಿಡ ಇರುವಾಗ ದುಡ್ಡು ಕೊಟ್ಟು ಎಲೆ ತಂದ ಮೇಷ್ಟ್ರು ಎಂದು ಇವತ್ತಿಗೂ ನನ್ನ ಹೆಂಡತಿ ನೆಂಟರ ಮುಂದೆ ಹೇಳುತ್ತಾಳೆ. ಬಲೆ, ಬಳೆ, ಬಾಳೆ, ಬಾಲೆ, ನಾಲ್ಕಕ್ಕೂ ಅದೇ ನಾಲ್ಕು ಇಂಗ್ಲಿಷ್ ಅಕ್ಷರ. ಹಳ್ಳಿಗೂ ಹಲ್ಲಿಗೂ ಒಂದೇ, ಕಾಲಿಗೂ ಕಾಳಿಗೂ ಒಂದೇ. ಮಕ್ಕಳು ಇದನ್ನು ಸಂದರ್ಭ ನೋಡಿ ಹೊಂದಿಸಿಕೊಂಡು ಓದುತ್ತಾರೆ. ಅದೂ ಒಂದು ಜಾಣತನವೇ ಎಂದು ನನಗೆ ಅನಿಸುತ್ತದೆ. ನನಗಂತೂ ಆ ಜಾಣತನ ಇಲ್ಲ.

ಉತ್ತರ ಪತ್ರಿಕೆ ತಿದ್ದುವಾಗ ಏನು ಕಾಣುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮೆಸೇಜಿನ ಚುಟುಕು ಪದಗಳು ಕನ್ನಡ ಪತ್ರಿಕೆಗೆ ನುಗ್ಗಿವೆ ಎಂದು ನೀವು ಎಣಿಸಿದ್ದರೆ, ಹಾಗೇನೂ ಇಲ್ಲ. ಪರೀಕ್ಷೆ ಬೇರೆ, ಫೋನು ಬೇರೆ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಕಾರ ಹಕಾರದ ಗೊಂದಲ, ಅಲ್ಪಪ್ರಾಣ ಮಹಾಪ್ರಾಣದ ಗೊಂದಲ ನಾನು ವೃತ್ತಿಗೆ ಸೇರಿದ ವರ್ಷವೂ ಇತ್ತು, ಆಗ ನಮ್ಮ ಜಿಲ್ಲೆಯಲ್ಲಿ ಯಾರ ಮನೆಯಲ್ಲೂ ಮೊಬೈಲು ಇರಲಿಲ್ಲ. ಅದನ್ನು ಫೋನಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಸದಾಗಿ ಕಂಡ ತಪ್ಪುಗಳು ಬೇರೆ ಬಗೆಯವು. ಮೊದಲನೆಯದು, ಪ್ರತ್ಯಯವನ್ನು ಪದದಿಂದ ಕಿತ್ತು ಬರೆಯುವುದು. 'ಶಾಲೆ ಗೆ', 'ಮನೆ ಯಲ್ಲಿ', 'ಅವನ ನ್ನು'. ಇದು ಎಲ್ಲಿಂದ ಬಂತು ಎಂದು ನನಗೆ ಬಹಳ ದಿನ ಹೊಳೆಯಲಿಲ್ಲ. ಒಂದು ದಿನ ನಾನೇ ಫೋನಿನಲ್ಲಿ ಕನ್ನಡ ಬರೆಯುವಾಗ ಗೊತ್ತಾಯಿತು. ಫೋನು 'ಶಾಲೆ' ಎಂಬ ಪದವನ್ನು ತಾನೇ ಎತ್ತಿಕೊಡುತ್ತದೆ, ಮುಟ್ಟಿದರೆ ಪದದ ಮುಂದೆ ಒಂದು ಖಾಲಿ ಜಾಗವನ್ನೂ ಬಿಡುತ್ತದೆ. 'ಗೆ' ಸೇರಿಸಬೇಕೆಂದರೆ ಆ ಜಾಗ ಅಳಿಸಬೇಕು. ಯಾರು ಅಳಿಸುತ್ತಾರೆ? ಕಣ್ಣು ಅದನ್ನೇ ನೋಡಿ ನೋಡಿ, ಕೈಯೂ ಹಾಗೇ ಬರೆಯುತ್ತದೆ. ಇಂಗ್ಲಿಷಿನ ಅಭ್ಯಾಸದ ಮೇಲೆ ಕಟ್ಟಿದ ಯಂತ್ರಕ್ಕೆ ನಮ್ಮ ವಿಭಕ್ತಿ ಪದಕ್ಕೆ ಅಂಟಿಕೊಂಡಿರುತ್ತದೆ ಎಂಬುದು ಗೊತ್ತಿಲ್ಲ, ಅಷ್ಟೇ.

ಎರಡನೆಯದು, ವಾಕ್ಯ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಮೆಸೇಜಿನಲ್ಲಿ ಪೂರ್ಣವಿರಾಮದ ಕೆಲಸವನ್ನು ಕಳಿಸುವ ಗುಂಡಿಯೇ ಮಾಡುತ್ತದೆ. ಹಾಳೆಯ ಮೇಲೆ ಆ ಗುಂಡಿ ಇಲ್ಲವಾದ್ದರಿಂದ ಪ್ರಬಂಧ ನಿಲ್ದಾಣವಿಲ್ಲದ ಬಸ್ಸಿನ ಹಾಗೆ ಓಡುತ್ತದೆ. ಮೂರನೆಯದು ಒತ್ತಕ್ಷರ. ಫೋನು ಕಟ್ಟಿಕೊಡುವ ಒತ್ತನ್ನು ಕೈಯಲ್ಲಿ ಎಲ್ಲಿ ಕಟ್ಟಬೇಕೆಂದು ಮಕ್ಕಳು ತಡವರಿಸುತ್ತಾರೆ. ಇದರಲ್ಲಿ ಮಕ್ಕಳನ್ನು ಬೈಯಲು ನನಗೆ ಬಾಯಿಲ್ಲ. ಹೋದ ವರ್ಷ ಬೋರ್ಡಿನ ಮೇಲೆ 'ವಿಜ್ಞಾನ' ಎಂದು ಬರೆಯಲು ಹೊರಟವನು 'ಜ್ಞ' ಹತ್ತಿರ ಸೀಮೆಸುಣ್ಣ ಹಿಡಿದು ಒಂದು ಕ್ಷಣ ನಿಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ ಬಿಡಿ.

ಹೊರದೇಶಗಳಲ್ಲಿ ಈ ಬಗ್ಗೆ ಸಂಶೋಧನೆ ಸಾಕಷ್ಟು ನಡೆದಿದೆ. ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದವರು 10ರಿಂದ 12 ವರ್ಷದ 88 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಸೇಜಿನ ಚುಟುಕು ಪದಗಳನ್ನು ಹೆಚ್ಚು ಬಳಸುವ ಮಕ್ಕಳೇ ಪದ ಓದುವುದರಲ್ಲಿ ಮುಂದಿದ್ದರು. ಅಂಕಿ ಎಂಟನ್ನು ಪದದೊಳಗೆ ಸೇರಿಸಿ ಇನ್ನೊಂದು ಪದ ಮಾಡಬೇಕಾದರೆ ಉಚ್ಚಾರಣೆಯ ಅರಿವು ಬೇಕು, ಆ ಆಟವೇ ಓದಿಗೆ ನೆರವಾಗಬಹುದು ಎಂಬುದು ಅವರ ತರ್ಕ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡ್ರೂ ಸಿಂಗೆಲ್ ಮತ್ತು ಶ್ಯಾಮ್ ಸುಂದರ್ 2012ರಲ್ಲಿ ಇದಕ್ಕೆ ಉಲ್ಟಾ ಹೇಳಿದರು: ಆ ಭಾಷೆ ಹೆಚ್ಚು ಬಳಸುವವರಿಗೆ ವ್ಯಾಕರಣದ ಪರೀಕ್ಷೆಯಲ್ಲಿ ಅಂಕ ಕಡಿಮೆ. ಒಬ್ಬರು ಓದನ್ನು ಅಳೆದರು, ಇನ್ನೊಬ್ಬರು ವ್ಯಾಕರಣವನ್ನು. ಎರಡೂ ನಿಜವಿರಬಹುದು. ಆದರೆ ಎರಡೂ ಇಂಗ್ಲಿಷಿನ ಮಾತು. ಆಡುವುದೊಂದು ಬರೆಯುವುದೊಂದು ಇರುವ ಭಾಷೆ ಅದು, ಹಾಗಾಗಿ ಅಲ್ಲಿನ ಮಕ್ಕಳು ಕಾಗುಣಿತದ ಜೊತೆ ಆಟವಾಡುತ್ತಾರೆ. ನಮ್ಮದು ಹೆಚ್ಚುಕಡಿಮೆ ನುಡಿದಂತೆ ಬರೆಯುವ ಭಾಷೆ. ನಮ್ಮ ಮಕ್ಕಳು ಕಾಗುಣಿತ ಬದಲಿಸುವುದಿಲ್ಲ, ಲಿಪಿಯನ್ನೇ ಬಿಟ್ಟುಬಿಡುತ್ತಾರೆ. ಆ ಎರಡು ಅಧ್ಯಯನಗಳು ಇದಕ್ಕೆ ಉತ್ತರ ಕೊಡುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2023ರ ಅಸರ್ ವರದಿ. ದೇಶದ 26 ರಾಜ್ಯಗಳ 28 ಜಿಲ್ಲೆಗಳಲ್ಲಿ, 14ರಿಂದ 18 ವರ್ಷದ ಹಳ್ಳಿ ಮಕ್ಕಳನ್ನು ನೋಡಿ ಮಾಡಿದ ವರದಿ. ನೂರಕ್ಕೆ ಸುಮಾರು ತೊಂಬತ್ತು ಮಕ್ಕಳ ಮನೆಯಲ್ಲಿ ಸ್ಮಾರ್ಟ್ ಫೋನು ಇದೆ. ಕಾಲುಭಾಗದಷ್ಟು ಮಕ್ಕಳಿಗೆ ಎರಡನೇ ತರಗತಿ ಮಟ್ಟದ ಪಾಠವನ್ನು ತಮ್ಮ ಭಾಷೆಯಲ್ಲಿ ಸರಾಗವಾಗಿ ಓದಲು ಬರುವುದಿಲ್ಲ. ಈ ಕಾಲುಭಾಗದ ಮಕ್ಕಳ ಸಮಸ್ಯೆ ಮೆಸೇಜು ಅಲ್ಲ. ಅವರು ಮೆಸೇಜನ್ನೂ ಬರೆಯಲಾರರು, ವಿಡಿಯೋ ನೋಡುತ್ತಾರೆ, ದನಿ ಕಳಿಸುತ್ತಾರೆ. ಇನ್ನೊಂದು ಅಂಕಿಯೂ ಅದರಲ್ಲಿದೆ. ಫೋನು ಬಳಸಲು ಬರುವ ಹುಡುಗರಲ್ಲಿ ನೂರಕ್ಕೆ 43ಕ್ಕಿಂತ ಹೆಚ್ಚು ಮಂದಿಗೆ ಸ್ವಂತ ಫೋನಿದೆ. ಹುಡುಗಿಯರಲ್ಲಿ ಅದು 20ಕ್ಕಿಂತ ಕಡಿಮೆ. ಈ ಅಂಕಿಯ ಅರ್ಥ ನನಗೆ ಮೊದಲೇ ಗೊತ್ತಿತ್ತು, ವರದಿ ಓದಿ ತಿಳಿದದ್ದಲ್ಲ. ಅದನ್ನು ಈಗ ಹೇಳುತ್ತೇನೆ.

2022ರ ಆಗಸ್ಟ್. ಕೊರೊನಾ ಕಾಲದಲ್ಲಿ ಮಾಡಿದ ತರಗತಿಯ ವಾಟ್ಸಾಪ್ ಗುಂಪು ಇನ್ನೂ ನಡೆಯುತ್ತಿತ್ತು. ನನ್ನ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಾಳೆ. ಒಂದು ರಾತ್ರಿ ಹತ್ತೂವರೆಗೆ ಅವಳಿಂದ ನನಗೊಂದು ಮೆಸೇಜು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅದರಲ್ಲೂ ಅರ್ಧಂಬರ್ಧ. ಸಾರ್, ನಾಳೆ, ಆಮೇಲೆ ಎನ್ ಮತ್ತು ಡಿ ಎಂಬ ಎರಡಕ್ಷರ, ಆಮೇಲೆ ಬರಲ್ಲ, ಓಕೆನಾ. ನಾನು ನಿದ್ದೆಗಣ್ಣಿನಲ್ಲಿದ್ದೆ. ನಾಳೆ ಬರಲ್ಲ ಎಂದು ರಜೆ ಕೇಳುತ್ತಿದ್ದಾಳೆ ಎಂದುಕೊಂಡೆ. ನಡುವಿನ ಎರಡಕ್ಷರ ಕೈತಪ್ಪಿ ಬಿದ್ದದ್ದಿರಬೇಕು. ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸಿ ಮಲಗಿದೆ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಐದನೆಯ ದಿನ ಹಾಜರಿ ಕೂಗುವಾಗ ಪಕ್ಕದವಳು, "ಅವ್ಳು ಬರಲ್ಲ ಸಾರ್, ಬಿಟ್ಬಿಟ್ಳು" ಎಂದಳು. ಸ್ಟಾಫ್ ರೂಮಿಗೆ ಬಂದು ಫೋನು ತೆಗೆದು ಮತ್ತೆ ನೋಡಿದೆ. ಎನ್, ಡಿ. ಅದು 'ಇಂದ'. ನಾಳೆಯಿಂದ ಬರಲ್ಲ. ತೃತೀಯಾ ವಿಭಕ್ತಿ, 'ಇಂದ' ಪ್ರತ್ಯಯ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ಮನುಷ್ಯ ನಾನು.

ಸಂಜೆ ಹೆಡ್ ಮಾಸ್ಟರನ್ನೂ ಎಸ್‌ಡಿಎಂಸಿಯ ಒಬ್ಬರನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಅಕ್ಕನಿಗೆ ಬೆಂಗಳೂರಿನಲ್ಲಿ ಹೆರಿಗೆಯಾಗಿತ್ತು. ಮಗು ನೋಡಿಕೊಳ್ಳಲು ಇವಳನ್ನು ಕಳಿಸಿದ್ದರು. ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸು ಹೋಗಬೇಕು, ಇವಳು ಅಲ್ಲೇ ಇದ್ದರಾಯಿತು ಎಂಬುದು ಮನೆಯವರ ಲೆಕ್ಕ. ತಂದೆ ಕೆಟ್ಟವರಲ್ಲ, ಕಷ್ಟದಲ್ಲಿದ್ದವರು. "ಮೇಷ್ಟ್ರಿಗೆ ಹೇಳಿದೀನಿ, ಆಯ್ತು ಅಂದವ್ರೆ ಅಂದ್ಳು ಸಾರ್ ಅವ್ಳು, ಅದ್ಕೇ ಕಳಿಸಿದ್ವಿ" ಎಂದರು. ನಾನು ಏನು ಉತ್ತರ ಕೊಡಲಿ? ಹೆಡ್ ಮಾಸ್ಟರು ನನ್ನ ಮುಖ ನೋಡಿದರು. ಆ ತಾಯಿಯೊಂದಿಗೆ ಬಹಳ ಹೊತ್ತು ಮಾತಾಡಿದೆವು. ಮಗುವನ್ನು ಬಾಣಂತನಕ್ಕೆ ಊರಿಗೇ ಕರೆತರಬಹುದಲ್ಲ ಎಂದು ಹೇಳಿದ್ದು ಎಸ್‌ಡಿಎಂಸಿಯವರು. ಕೊನೆಗೆ ಅದೇ ಆಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಹುಡುಗಿ ಶಾಲೆಗೆ ಬಂದಳು.

ಬಂದ ಮೇಲೆ ಒಂದು ದಿನ ಕೇಳಿದೆ: "ಯಾಕಮ್ಮ, ಬಿಡಿಸಿ ಹೇಳಬಾರದಿತ್ತಾ ನಂಗೆ?" ಅವಳು ಎಂದಿನ ಹಾಗೆ ನೆಲ ನೋಡಿಕೊಂಡು, "ಹೇಳಿದ್ನಲ್ಲ ಸಾರ್. ನೀವು ಓಕೆ ಅಂದ್ರಿ" ಎಂದಳು. ಅಣ್ಣನ ಫೋನು ಅದು. ಅವನು ಕೈತೊಳೆದು ಊಟಕ್ಕೆ ಕೂತಾಗ ತೆಗೆದು, ಬರೆದು, ಕಳಿಸಿ, ನನ್ನ ಹೆಬ್ಬೆಟ್ಟು ಬರುವವರೆಗೆ ಕಾದು, ಎಲ್ಲ ಅಳಿಸಿ ಮತ್ತೆ ಅಲ್ಲೇ ಇಟ್ಟಿದ್ದಾಳೆ. ಕಾಗುಣಿತ ನೋಡಿಕೊಳ್ಳಲು ಅವಳಿಗೆ ಎಷ್ಟು ಹೊತ್ತು ಇತ್ತು? ಬೇಡವೆಂದು ನಾನು ಹೇಳುತ್ತೇನೇನೋ ಎಂಬ ಆಸೆಯಿಂದಲೇ ಆ 'ಓಕೆನಾ' ಹಾಕಿದ್ದಳು ಎಂದು ನನಗೆ ಆಮೇಲೆ ಅನಿಸಿತು. ಅವಳು ಹಾಗೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕಷ್ಟ ಇಲ್ಲಿದೆ. ಆ ಅಜ್ಜಿಗೆ ನಾನು ಶುದ್ಧ ಕನ್ನಡದಲ್ಲಿ ಬರೆದುಕೊಟ್ಟ ಕಾಗದಗಳಲ್ಲಿ ವಿಷಯ ಇರಲಿಲ್ಲ. ಈ ಹುಡುಗಿಯ ಮುರುಕು ಮೆಸೇಜಿನಲ್ಲಿ ವಿಷಯ ಪೂರ್ತಿ ಇತ್ತು, ವಿಭಕ್ತಿ ಸಮೇತ ಇತ್ತು. ಮುಖಾಮುಖಿ ಅವಳು ಈ ಮಾತನ್ನು ನನಗೆ ಎಂದೂ ಹೇಳುತ್ತಿರಲಿಲ್ಲ. ಫೋನು ಇಲ್ಲದಿದ್ದರೆ ಅಷ್ಟೂ ತಲುಪುತ್ತಿರಲಿಲ್ಲ. ಹಾಗೆಂದು ಫೋನನ್ನು ಹೊಗಳಲು ಹೋದರೆ, ಅದೇ ಫೋನಿನಿಂದ ನಾನು ಒಂದು ಮಾತೂ ಬರೆಯದೆ ಅವಳ ಓದು ನಿಲ್ಲಿಸಲು ಒಪ್ಪಿಗೆ ಕೊಟ್ಟಿದ್ದೆ. ಕಾಗದಕ್ಕೆ ಉತ್ತರ ಬರೆಯಬೇಕಿದ್ದರೆ ಕೊನೇ ಪಕ್ಷ ಇನ್ನೊಮ್ಮೆ ಓದುತ್ತಿದ್ದೆ.

ಅವಳು 2023ರಲ್ಲಿ ಹತ್ತನೇ ತರಗತಿ ಪಾಸಾದಳು, ಈಗ ತಾಲ್ಲೂಕು ಕೇಂದ್ರದಲ್ಲಿ ಎರಡನೇ ಪಿಯುಸಿ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಇಲ್ಲಿ ಹೇಳಿದ್ದೇನೆ.

ಆ ವರ್ಷದಿಂದ ನನ್ನ ತರಗತಿಯಲ್ಲಿ ಶನಿವಾರದ ಒಂದು ಪೀರಿಯಡ್ಡು ಬದಲಾಯಿತು. ಮಕ್ಕಳು ತಾವು ಕಳಿಸಿದ ಅಥವಾ ತಮಗೆ ಬಂದ ಒಂದು ಮೆಸೇಜನ್ನು, ಹೆಸರು ತೆಗೆದು, ಬೋರ್ಡಿನ ಮೇಲೆ ಬರೆಯುತ್ತಾರೆ. ಮೊದಲು ಅದನ್ನು ಕನ್ನಡ ಲಿಪಿಗೆ ತರಬೇಕು. ಬಳೆಯೋ ಬಾಳೆಯೋ ಎಂದು ಜಗಳ ಆಗುತ್ತದೆ, ಆಗಲಿ. ಆಮೇಲೆ ಅದೇ ವಿಷಯವನ್ನು ಅಜ್ಜಿಗೆ ಓದಿ ಹೇಳುವ ಹಾಗೆ ಒಂದು ಸಲ, ಬಿಇಒ ಕಚೇರಿಗೆ ಅರ್ಜಿಯ ಹಾಗೆ ಒಂದು ಸಲ ಬರೆಯಬೇಕು. 'ನಮ್ಮೂರಿಗೆ ಬಸ್ ಬರಲ್ಲ, ಲೇಟ್ ಆಯ್ತು' ಎಂಬ ಒಂದು ಸಾಲಿನ ಮೆಸೇಜನ್ನು ಒಬ್ಬ ಹುಡುಗ ಡಿಪೋ ಮ್ಯಾನೇಜರಿಗೆ ಅರ್ಜಿ ಮಾಡಿದ. ಚೆನ್ನಾಗಿತ್ತು. ನಿಜವಾಗಿಯೂ ಅಂಚೆಗೆ ಹಾಕಿದೆವು. ಬೆಳಗಿನ ಬಸ್ಸು ಇನ್ನೂ ತಡವಾಗಿಯೇ ಬರುತ್ತದೆ, ಆದರೆ ಅರ್ಜಿ ಸ್ವೀಕರಿಸಲಾಗಿದೆ ಎಂದು ಉತ್ತರವೊಂದು ಬಂತು. ಆ ಕಾಗದ ನಮ್ಮ ನೋಟಿಸ್ ಬೋರ್ಡಿನಲ್ಲಿದೆ. ಮಕ್ಕಳು ಹೋಗಿ ಬಂದು ಅದನ್ನು ಓದುತ್ತಾರೆ.

ಇದರಿಂದ ಅಂಕ ಏರಿತೇ ಎಂದರೆ ಲೆಕ್ಕ ಇಟ್ಟಿಲ್ಲ. 'ಶಾಲೆ ಗೆ' ಮಾತ್ರ ಕಡಿಮೆಯಾಗಿದೆ. ಮತ್ತೆ ಒಂದು ನಿಯಮ ನನಗೇ ಹಾಕಿಕೊಂಡಿದ್ದೇನೆ: ಮಕ್ಕಳ ಮೆಸೇಜಿಗೆ ಚಿತ್ರ ಒತ್ತುವುದಿಲ್ಲ. ಎರಡೇ ಪದವಾದರೂ ಕನ್ನಡದಲ್ಲಿ ಬರೆಯುತ್ತೇನೆ. ಗೊತ್ತಾಗದಿದ್ದರೆ ಫೋನು ಮಾಡುತ್ತೇನೆ. ಅಣ್ಣನೋ ಅಪ್ಪನೋ ಎತ್ತುತ್ತಾರೆ, ಸ್ವಲ್ಪ ಮುಜುಗರವಾಗುತ್ತದೆ, ಆಗಲಿ.

ತಾಯಂದಿರಿಗೂ ತಂದೆಯರಿಗೂ ಒಂದು ಮಾತು. ನಿಮ್ಮ ಮಗಳು ನಿಮ್ಮ ಫೋನು ತೆಗೆದು ಏನೋ ಬರೆಯುತ್ತಿದ್ದರೆ ಕೂಡಲೇ ಕಿತ್ತುಕೊಳ್ಳಬೇಡಿ. ಅವಳು ಯಾರಿಗೋ ಏನೋ ಹೇಳಲು ಹೊರಟಿರಬಹುದು, ಅದು ನಿಮಗೇ ಹೇಳಬೇಕಾದ ಮಾತಾಗಿರಲೂಬಹುದು. ಮಕ್ಕಳೇ, ನಿಮಗೂ ಒಂದು. ಬೇರೆ ಯಾರಿಗೆ ಹೇಗಾದರೂ ಬರೆದುಕೊಳ್ಳಿ, ಹೊಟ್ಟೆಯೊಳಗಿನ ಸಂಕಟ ಹೇಳುವಾಗ ಮಾತ್ರ ಅಕ್ಷರ ನುಂಗಬೇಡಿ. ಓದುವವರು ನನ್ನ ಹಾಗೆ ನಿದ್ದೆಗಣ್ಣಿನಲ್ಲಿರುತ್ತಾರೆ.

ಇನ್ನು ನನ್ನ ಸಹಪಾಠಿಗಳಿಗೆ. ಈ ಸ್ಮರಣ ಸಂಚಿಕೆಗೆ ನೆನಪುಗಳನ್ನು ಬರೆದು ಕಳಿಸಿ ಎಂದು ಸಂಪಾದಕರು ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ನಾಲ್ಕು ತಿಂಗಳ ಹಿಂದೆ ಕೇಳಿಕೊಂಡರು. ಆ ಸಂದೇಶದ ಕೆಳಗೆ ಬಂದ ಹೆಬ್ಬೆಟ್ಟುಗಳನ್ನು ನಿನ್ನೆ ರಾತ್ರಿ ಕೂತು ಎಣಿಸಿದೆ. ತೊಂಬತ್ತಕ್ಕೂ ಮೇಲಿವೆ. ಬಂದ ಲೇಖನಗಳು ಹದಿಮೂರು. ಹೆಬ್ಬೆಟ್ಟು ಒತ್ತಿದವರಲ್ಲಿ ಡಾಕ್ಟರಿದ್ದಾರೆ, ಇಂಜಿನಿಯರಿದ್ದಾರೆ, ತಹಸೀಲ್ದಾರರಿದ್ದಾರೆ, ಮೇಷ್ಟ್ರುಗಳಂತೂ ಬೇಕಾದಷ್ಟಿದ್ದೇವೆ. ಬಹಳಷ್ಟು ಜನರ ಅಪ್ಪಂದಿರ ಹೆಬ್ಬೆಟ್ಟು ಅಲ್ಲಿ ಹೆಡ್ ಮಾಸ್ಟರ ಕೋಣೆಯ ಮೇಜಿನ ಮೇಲಿರುವ ಪುಸ್ತಕದಲ್ಲಿದೆ, ಊಟಕ್ಕೆ ಹೋಗುವ ಮುಂಚೆ ಹೋಗಿ ನೋಡಿ ಬನ್ನಿ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆಯಂತೆ. ಸಂಪಾದಕರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಕೈಬರಹದಲ್ಲಿ ಕೊಟ್ಟರೂ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.